ಬೆಚ್ಚಗಿದ್ದ ಲೋಟ

“ಸ್ಟೂಲಿನ ಮೇಲೆ ಚಾ ಇಟ್ಟು ಮೀನಿಗೆ ಹೋದೆ. ಅಲ್ಲಿ ಪಕ್ಕದ ಮನೆಯ ಇಂದುಮತಿ ಸಿಕ್ಕಿದಳು, ಮಾತಿಗೆ ಮಾತು ಬೆಳೆಯಿತು. ಎಷ್ಟು ಹೊತ್ತು ನಿಂತೆನೋ ದೇವರಿಗೇ ಗೊತ್ತು. ಬಂದು ನೋಡಿದರೆ ಇವರು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಬಿಸಿ ಬಿಸಿ ಕುಡಿಯುವವರು, ಚಾ ಮುಟ್ಟಿಯೇ ಇರಲಿಲ್ಲ. ಲೋಟ ಇನ್ನೂ ಬೆಚ್ಚಗಿತ್ತು. ನಿದ್ದೆ ಕೆಡಿಸುವುದು ಎಂತಕ್ಕೆ ಅಂತ ಸದ್ದಿಲ್ಲದೆ ಲೋಟ ಎತ್ತಿಕೊಂಡು ಒಳಗೆ ಹೋದೆ. ಮೀನು ತೊಳೆದು, ಮಸಾಲೆ ಅರೆದು, ಆಮೇಲೆ ಕರೆದರೆ ಏಳಲಿಲ್ಲ. ‘ಎದೆ ಹಿಡಿದ ಅರ್ಧ ಗಂಟೆಯೊಳಗೆ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು’ ಅಂದರು ಡಾಕ್ಟರು. ಆ ಅರ್ಧ ಗಂಟೆಯನ್ನು ನಾನು ಮೀನಂಗಡಿಯಲ್ಲಿ ಕಳೆದೆ.”

ಎರಡು ವರ್ಷದಿಂದ ರಾಜೀವಿ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಳು. ಗಡಿಯಾಹಾಟ್ ಬಡಾವಣೆಯ ಆ ಮನೆಯಲ್ಲಿ ನಾಲ್ಕು ಗಂಟೆಗೆ ಈಗಲೂ ಎರಡು ಲೋಟ ಚಾ. ಗಂಡ ಮಂಜಯ್ಯನವರ ಲೋಟದ ಆವಿ ಖಾಲಿ ಕುರ್ಚಿಯ ಕಡೆಗೇ ವಾಲುತ್ತಿತ್ತು, ಯಾರೋ ಉಸಿರೆಳೆದ ಹಾಗೆ.

ಮಹಡಿಯಲ್ಲಿ ಬಾಡಿಗೆಗಿದ್ದ ತನ್ಮಯಿ ಗಣಿತದಲ್ಲಿ ಸಂಶೋಧನೆ ಮಾಡುವವಳು. ಒಂದು ದಿನ ಥರ್ಮಾಮೀಟರ್ ಹಿಡಿದು ಇಳಿದು ಬಂದಳು.

“ಆಂಟಿ, ಚಾ ಆರುವುದಕ್ಕೂ ಲೆಕ್ಕ ಉಂಟು. ಅಂದು ಲೋಟ ಎಷ್ಟು ಬೆಚ್ಚಗಿತ್ತು ಅಂತ ಗೊತ್ತಾದರೆ ನೀವು ಎಷ್ಟು ಹೊತ್ತು ಹೊರಗಿದ್ದಿರಿ ಅಂತ ಹೇಳಬಹುದು. ಸುತ್ತಲಿನ ಗಾಳಿಗಿಂತ ಬಿಸಿ ಎಷ್ಟು ಹೆಚ್ಚು ಉಳಿದಿದೆಯೋ ಅಷ್ಟಕ್ಕೆ ತಕ್ಕ ಹಾಗೆ ಹೋಗುತ್ತದೆ. ಮೊದಲು ಬೇಗ, ಬರಬರುತ್ತ ನಿಧಾನ. ಆ ಲೆಕ್ಕದೊಳಗೆ ಒಂದು ಸಂಖ್ಯೆ ಕೂತಿದೆ, ಅದಕ್ಕೆ ‘ಇ’ ಅಂತ ಹೆಸರು.”

“ಯಾರು ತಂದಿಟ್ಟರು ಮಾರಾಯ್ತಿ ಅದನ್ನು?”

“ಮುನ್ನೂರು ವರ್ಷದ ಹಿಂದೆ ಒಬ್ಬ ಬಡ್ಡಿಯ ಲೆಕ್ಕ ಹಾಕುತ್ತಿದ್ದ. ವರ್ಷಕ್ಕೆ ರೂಪಾಯಿಗೆ ರೂಪಾಯಿ ಬಡ್ಡಿ. ಅದನ್ನು ಕ್ಷಣಕ್ಷಣಕ್ಕೂ ಅಸಲಿಗೆ ಸೇರಿಸುತ್ತ ಹೋದರೆ ಕೊನೆಗೆ ಎಷ್ಟಾದೀತು ಅಂತ. ಬೆಟ್ಟದಷ್ಟಾಗಲಿಲ್ಲ, ಎರಡು ಮುಕ್ಕಾಲಿಗೂ ಚೂರು ಕಡಿಮೆಗೆ ನಿಂತಿತು. ಬೆಳೆಯುವುದಕ್ಕೂ ಅದೇ, ಆರುವುದಕ್ಕೂ ಅದೇ.”

“ನಮ್ಮವರು ಬ್ಯಾಂಕಿನವರು. ಕೇಳಿದ್ದರೆ ನಿನ್ನನ್ನು ಊಟಕ್ಕೂ ಬಿಡುತ್ತಿರಲಿಲ್ಲ.”

ಅದೇ ಲೋಟ, ಅದೇ ಸ್ಟೂಲು, ಅದೇ ಫ್ಯಾನು. ಅಂದು ವೈಶಾಖದ ಸೆಕೆ, ಇಂದು ಪುಷ್ಯದ ಚಳಿ. ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಮಾಡಿಕೊಳ್ಳಬಹುದು ಎಂದಳು ತನ್ಮಯಿ. ರಾಜೀವಿ ಕಣ್ಣು ಮುಚ್ಚಿ ಲೋಟವನ್ನು ಮುಟ್ಟಿ ಮುಟ್ಟಿ ನೋಡಿದಳು. ಆ ಬಿಸಿಯನ್ನು ಬೆರಳು ಮರೆತಿರಲಿಲ್ಲ. “ಇಷ್ಟೇ” ಅಂದಳು.

ಹುಡುಗಿ ಥರ್ಮಾಮೀಟರ್ ಅದ್ದಿ ನೋಡಿ ಬಹಳ ಹೊತ್ತು ಬರೆದಳು. ಆಮೇಲೆ ಮುಖ ಅರಳಿತು. “ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಂಟಿ, ನೀವು ತಡ ಮಾಡಿರಲಿಲ್ಲ.”

ಇಪ್ಪತ್ತು. ಹಾಗಾದರೆ ಲೋಟ ಎತ್ತಿಕೊಂಡಾಗ ಇನ್ನೂ ಹತ್ತು ನಿಮಿಷ ಉಳಿದಿತ್ತು. ಆ ಹತ್ತೂ ನಿಮಿಷ ಅವಳು ಗೋಡೆಯ ಈಚೆ ಮಸಾಲೆ ಅರೆಯುತ್ತಿದ್ದಳು, ಸದ್ದಾಗದ ಹಾಗೆ.

“ಒಳ್ಳೆಯದಾಯ್ತು ಮಗಾ,” ಅಂದಳು ರಾಜೀವಿ. “ನಿನ್ನ ಚಾ ಆರುತ್ತದೆ, ಕುಡಿ.”

ಕುರ್ಚಿಯ ಕಡೆ ನೋಡಲಿಲ್ಲ. ಲೋಟ ಒಳಗೆ ಒಯ್ದು, ಚಾ ಚೆಲ್ಲಿ, ನಲ್ಲಿ ತಿರುಗಿಸಿ ಉಜ್ಜತೊಡಗಿದಳು.