ಮಾಡದೆ ಉಳಿದ ಫೋನು

ಮನೆಮನೆಗೆ ಹೋಗಿ ಗಾಯಕ್ಕೆ ಕಟ್ಟು ಹಾಕುವ ಈ ನರ್ಸಮ್ಮನಿಗೆ ಹದಿನೆಂಟು ವರ್ಷದ ಅನುಭವ. ಕ್ಲಿನಿಕ್ಕಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಅವರ ಮಗಳ ವಯಸ್ಸಿನವರು. ಒಮ್ಮೆ ಯಾರದೋ ಜ್ವರದ ವಿಷಯಕ್ಕೆ ಫೋನ್ ಮಾಡಿದಾಗ ಡಾಕ್ಟರಮ್ಮ, "ಇಷ್ಟಕ್ಕೆಲ್ಲ ಫೋನಾ ಸಿಸ್ಟರ್?" ಎಂದುಬಿಟ್ಟಿದ್ದರು. ಮಾತು ಮುಳ್ಳಿನಂತೆ ನಾಟಿತ್ತು. ಇನ್ನು ಬಾಯಿ ಬಿಡುವುದಿಲ್ಲ, ರಿಜಿಸ್ಟರಿನಲ್ಲಿ ಬರೆದಿಟ್ಟರೆ ಸಾಕು ಎಂದುಕೊಂಡಿದ್ದರು ನರ್ಸಮ್ಮ.

ನಿವೃತ್ತ ಬಸ್ ಡ್ರೈವರೊಬ್ಬರಿಗೆ ಸಕ್ಕರೆ ಕಾಯಿಲೆ, ಬಲಗಾಲಿನಲ್ಲಿ ಮಾಯದ ಹುಣ್ಣು. ಒಂದು ಶುಕ್ರವಾರ ಕಟ್ಟು ಬಿಚ್ಚಿದರೆ ಕಿರುಬೆರಳು ಕಪ್ಪಗಾಗಿತ್ತು, ವಾಸನೆಯೂ ಇತ್ತು.

"ಬ್ರೇಕ್ ಒತ್ತೋಕೆ ಈಗ ಈ ಕಾಲು ಬೇಕಿಲ್ವಲ್ಲ, ಬಿಡಿ" ಎಂದು ಡ್ರೈವರು ನಕ್ಕರು.

ನರ್ಸಮ್ಮ ನಗಲಿಲ್ಲ. ಹೊರಗೆ ಬಂದು ಡಾಕ್ಟರಮ್ಮನ ನಂಬರ್ ತೆಗೆದರು. ಮತ್ತೆ ಆ ಹುಡುಗಿಯಿಂದ ಅನ್ನಿಸಿಕೊಳ್ಳುವುದೇ ಎನಿಸಿತು. ಫೋನನ್ನು ಚೀಲಕ್ಕೆ ಹಾಕಿ, ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ 'ಡಾಕ್ಟರ್ ನೋಡಬೇಕು' ಎಂದು ಬರೆದು ಮನೆಗೆ ಹೋದರು. ಮುಂದೆ ಎರಡು ದಿನ ರಜೆ. ಆ ಪುಟವನ್ನು ಯಾರೂ ತೆರೆಯಲಿಲ್ಲ.

ಸೋಮವಾರ ಡ್ರೈವರನ್ನು ಆಸ್ಪತ್ರೆಗೆ ಸೇರಿಸಿದರು. ಎರಡು ಬೆರಳು ತೆಗೆಯಬೇಕಾಯಿತು.

ಕ್ಲಿನಿಕ್ಕಿನ ಮೀಟಿಂಗಿನಲ್ಲಿ ಡಾಕ್ಟರಮ್ಮ ಮೆಲ್ಲಗೆ ಕೇಳಿದರು, "ಒಂದು ಫೋನ್ ಮಾಡಬಹುದಿತ್ತಲ್ಲ ಸಿಸ್ಟರ್?"

ಎಲ್ಲರ ಕಣ್ಣೂ ನರ್ಸಮ್ಮನ ಮೇಲಿತ್ತು. "ಮಾಡಿದ್ದೆ. ನೀವು ಎತ್ತಲಿಲ್ಲ."

ಡಾಕ್ಟರಮ್ಮನ ಮುಖ ಬಾಡಿತು. ಫೋನ್ ತೆಗೆದು ನೋಡಲೂ ಇಲ್ಲ. ಆ ದಿನ ರೋಗಿಗಳು ಮುಗಿಬಿದ್ದಿದ್ದರು, ಕೇಳಿಸಿರಲಿಕ್ಕಿಲ್ಲ, ತಪ್ಪು ತನ್ನದೇ ಎಂದು ಒಪ್ಪಿಕೊಂಡರು.

ಡ್ರೈವರು ಮನೆಗೆ ಬಂದ ಮೇಲೆ ನರ್ಸಮ್ಮ ಕಟ್ಟು ಬದಲಿಸಲು ಹೋದರು. ಡ್ರೈವರ ಹೆಂಡತಿ ಬಿಸಿನೀರಿನ ಬೇಸಿನ್ ತಂದಿಟ್ಟು, "ನಿನ್ನೆ ಡಾಕ್ಟ್ರು ಬಂದು ಕ್ಷಮೆ ಕೇಳಿದ್ರು, ಅತ್ತೇಬಿಟ್ರು. ನೀವು ಮಾಡಿದ ಫೋನ್ ಎತ್ತಲಿಲ್ವಂತೆ. ನಮ್ಮೋರು ಅಂತ ಇರೋದು ನೀವೊಬ್ಬರೇ ಸಿಸ್ಟರ್" ಎಂದರು.

ನರ್ಸಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹತ್ತಿಯನ್ನು ಕೆಳಗಿಟ್ಟರು.

"ನಾನು ಫೋನೇ ಮಾಡಿರಲಿಲ್ಲಮ್ಮ. ಸುಳ್ಳು ಹೇಳಿದೆ."

ಆಕೆ ಬೇಸಿನನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಡ್ರೈವರು ತಮ್ಮ ಕಾಲನ್ನೇ ನೋಡುತ್ತ, "ಕಟ್ಟು ಮುಗಿಸಿ ಹೋಗಿ" ಎಂದರು.

ಅಲ್ಲಿಂದ ನೇರ ಕ್ಲಿನಿಕ್ಕಿಗೆ ಬಂದು, ಅಂದು ಮೀಟಿಂಗಿನಲ್ಲಿದ್ದವರ ಎದುರಿಗೇ ನರ್ಸಮ್ಮ ಎಲ್ಲವನ್ನೂ ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. "ಆವತ್ತು ಜ್ವರದ ವಿಷಯಕ್ಕೆ ಫೋನ್ ಮಾಡಿದಾಗ ನಾನು ಹಾಗೆ ಅನ್ನಬಾರದಿತ್ತು, ನಿಜ" ಎಂದರು. "ಆದ್ರೆ ಇಷ್ಟು ದಿನ ನನ್ನ ನಾನೇ ಬೈಕೊಂಡಿದೀನಿ ಸಿಸ್ಟರ್. ಊಟ ಸೇರ್ತಿರಲಿಲ್ಲ" ಎಂದರು.

ಡ್ರೈವರ ಮನೆಗೆ ಬೇರೆ ನರ್ಸನ್ನು ಹಾಕಿದರು. ನರ್ಸಮ್ಮ ಈಗ ಸಣ್ಣ ಅನುಮಾನಕ್ಕೂ ಡಾಕ್ಟರಮ್ಮನಿಗೆ ಫೋನ್ ಮಾಡುತ್ತಾರೆ, ಅವರೂ ಎತ್ತುತ್ತಾರೆ. ರೋಗಿಯ ವಿಷಯ ಬಿಟ್ಟು ಬೇರೆ ಮಾತಿಲ್ಲ. ಡ್ರೈವರ ಬೀದಿಯಲ್ಲಿ ಹೋದರೆ ಕ್ಲಿನಿಕ್ಕಿಗೆ ದಾರಿ ಹತ್ತಿರ. ಆದರೂ ನರ್ಸಮ್ಮ ಸುತ್ತಿಕೊಂಡೇ ಹೋಗುತ್ತಾರೆ.