ತೂಕ ಮೀರಿದ ಹುಂಜ

ನರ್ಸಮ್ಮನ ಮುಂಗೈಗಳ ಮೇಲೆ ಸದಾ ನೇರಳೆ ಬಣ್ಣದ ಚುಕ್ಕೆಗಳಿರುತ್ತಿದ್ದವು. ಹುಂಜ ಕುಕ್ಕಿದ, ಪರಚಿದ ಕಡೆಯಲ್ಲೆಲ್ಲ ಅವರು ಮಕ್ಕಳ ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನೇ ಹಚ್ಚಿಕೊಳ್ಳುತ್ತಿದ್ದರು. ಮೈಮೇಲೆ ಬಿಳಿ ಸೀರೆ, ಕೈತುಂಬ ಚುಕ್ಕೆ. ಹೊಸದಾಗಿ ಊರಿಗೆ ಬಂದವರು ಇದ್ಯಾವ ರೋಗ ಎಂದು ವಿಚಾರಿಸುತ್ತಿದ್ದರು. "ಕೋಳಿ ಹುಚ್ಚು ಕಣಪ್ಪ, ಅಂಟಲ್ಲ, ಎದರ್ಕೋಬ್ಯಾಡ" ಎಂದು ನಮ್ಮ ಅಜ್ಜಿ ಸಮಾಧಾನ ಹೇಳುತ್ತಿದ್ದಳು.

ಅವರು ಚಿಕ್ಕ ವಯಸ್ಸಿನಲ್ಲೇ ಕೇರಳದಿಂದ ರಾವಂದೂರಿಗೆ ಕೆಲಸಕ್ಕೆ ಬಂದು, ನಮ್ಮ ಪಕ್ಕದ ಮನೆಯಲ್ಲೇ ಉಳಿದವರು. ಕನ್ನಡವನ್ನು ನಮ್ಮ ಬೀದಿಯ ಹೆಂಗಸರಿಂದಲೇ ಕಲಿತದ್ದರಿಂದ ನಮ್ಮಂತೆಯೇ ಮಾತಾಡುತ್ತಿದ್ದರು. ನನ್ನನ್ನು ಮಾತ್ರ 'ಮೋಳೇ' ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಮಗಳೇ ಎಂದರ್ಥ.

ಗುರುವಾರ ಚುಚ್ಚುಮದ್ದಿನ ದಿನ. ಜಗುಲಿಯ ಜಂತಿಗೆ ಮುಳ್ಳಿನ ತಕ್ಕಡಿ ನೇತುಹಾಕಿ, ಬಟ್ಟೆಯ ಜೋಳಿಗೆಯಲ್ಲಿ ಊರಿನ ಕೂಸುಗಳನ್ನೆಲ್ಲ ತೂಗುತ್ತಿದ್ದರು. ಮುಳ್ಳು ಮೇಲೇರದಿದ್ದರೆ ತಾಯಂದಿರ ಗ್ರಹಚಾರ. "ನೀನು ಮಾತ್ರ ದುಂಡಗಿದ್ದೀಯಾ, ಮಗಾ ನೋಡಿದ್ರೆ ಒಣಗಿದ ಹುರುಳಿಕಾಯಿ! ಅಂಗನವಾಡಿ ಹಿಟ್ಟು ಯಾರು ತಿಂತಾವ್ರೆ, ನಿನ್ನ ಗಂಡನಾ?" ಹಿಟ್ಟಿಗೆ ಬೆಲ್ಲ ಸೇರಿಸಿ, ಒಂದು ಚಮಚ ಎಣ್ಣೆ ಬಿಟ್ಟು, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದು ಸಲ ಉಣ್ಣಿಸಬೇಕು ಎಂಬುದು ಅವರ ಮಂತ್ರ. ಹೆಂಗಸರು ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ಗುರುವಾರವೂ ಮುಳ್ಳು ಅಲ್ಲೇ ಇರುತ್ತಿತ್ತು. "ಗೋಡೆಗೆ ಹೇಳಿದ್ರೆ ಗೋಡೆ ದಪ್ಪ ಆಗ್ತಿತ್ತು" ಎಂದು ಅವರು ಗೊಣಗುತ್ತಿದ್ದರು.

ಭಾನುವಾರ ಅದೇ ತಕ್ಕಡಿಗೆ ಬೇರೊಂದು ಜೋಳಿಗೆ ಕಟ್ಟಿ ಕೋಳಿ ತೂಗುತ್ತಿದ್ದರು. ಅಂದು ಮುಳ್ಳು ಮೇಲೇರಿದರೆ ಅವರ ಮುಖ ಇಳಿಯುತ್ತಿತ್ತು.

ಅವು ಬ್ಯಾಂಟಮ್ ಕೋಳಿಗಳು. ಎಷ್ಟು ಬೆಳೆದರೂ ಪಾರಿವಾಳಕ್ಕಿಂತ ತುಸು ದೊಡ್ಡವು, ಅಷ್ಟೇ. ಕೊಡಗಿನ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿಗೆ ಹೆರಿಗೆ ಮಾಡಿಸಿದ್ದಕ್ಕೆ ಅವರು ಸೀರೆಯ ಬದಲು ಕೇಳಿ ಪಡೆದದ್ದು ಈ ಜಾತಿಯ ಮೊಟ್ಟೆಗಳನ್ನು. ಅವಕ್ಕೆ ಕಾವು ಕೊಟ್ಟದ್ದು ನಮ್ಮ ಅಜ್ಜಿಯ ನಾಟಿ ಹೇಂಟೆ. ಹಾಗಾಗಿ ಅವುಗಳ ವಿಷಯದಲ್ಲಿ ಅಜ್ಜಿಗೂ ಮಾತಾಡುವ ಹಕ್ಕಿತ್ತು. "ಒಂದು ಮುದ್ದೆಗೂ ಸಾರಾಗಕ್ಕಿಲ್ಲ. ಇದೇನ್ ಕೋಳಿಯಾ, ಗುಬ್ಬಚ್ಚಿಗೆ ಜುಟ್ಟು ಬಂದಂಗದೆ."

ಆ ಕೋಳಿಗಳಲ್ಲಿ ಒಂದು ಹುಂಜ ಇತ್ತು. ಕಪ್ಪು ಎದೆ, ಬೆಂಕಿ ಬಣ್ಣದ ಕತ್ತು, ಮಾವನ ಮನೆಗೆ ಬಂದ ಹೊಸ ಅಳಿಯನಂಥ ನಿಲುವು. ಹುಣಸೂರಿನಲ್ಲಿ ಕೋಳಿ ಹವ್ಯಾಸಿಗಳು ಸೇರಿ ನಡೆಸುತ್ತಿದ್ದ ಪ್ರದರ್ಶನದಲ್ಲಿ ಬ್ಯಾಂಟಮ್ ಬಹುಮಾನ ಪ್ರತಿ ಸಲ ಒಬ್ಬ ತೋಟದ ಸಾಹುಕಾರರ ಪಾಲಾಗುತ್ತಿತ್ತು. ನರ್ಸಮ್ಮ ಮೊದಲ ಸಲ ಹೋದಾಗ ಅವರು ಪಂಜರದೊಳಗೆ ಬಗ್ಗಿ ನೋಡಿ, "ಸಿಸ್ಟರ್, ಇದು ನಾಟಿ ಕೋಳಿಯ ಮರಿ ಅಲ್ವಾ?" ಎಂದಿದ್ದರಂತೆ. ಅದನ್ನು ನರ್ಸಮ್ಮ ಮರೆಯಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಆ ಮನುಷ್ಯನ ಎದುರು ಕಪ್ ಎತ್ತಿ ಹಿಡಿಯಬೇಕು ಎಂಬುದು ಅವರ ಹಠ. ಹುಂಜಕ್ಕೆ ಶಾಂಪೂ ಸ್ನಾನ ಮಾಡಿಸುತ್ತಿದ್ದರು. ಹಳೆಯ ಬ್ರಷ್ಷಿನಿಂದ ಕಾಲುಗಳನ್ನು ಉಜ್ಜಿ, ಜುಟ್ಟಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ತೀರ್ಪುಗಾರರೆದುರು ಎದೆಯುಬ್ಬಿಸಿ ನಿಲ್ಲಲಿ ಎಂದು ಪೊರಕೆ ಕಡ್ಡಿಯಿಂದ ಗದ್ದ ಮುಟ್ಟಿ ಪಾಠ ಮಾಡುತ್ತಿದ್ದರು.

ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಒಂದು ವರ್ಷ, ಪ್ರದರ್ಶನಕ್ಕೆ ಮುಂಚಿನ ಮೂರು ವಾರ ಅವರನ್ನು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಗಳಿಗೆ ಕೆಲಸಕ್ಕೆ ಹಾಕಿದರು. ತಕ್ಕಡಿಯೂ ಅವರ ಜೊತೆ ಹೋಯಿತು. ಹುಂಜ ನಮ್ಮ ಅಜ್ಜಿಯ ಪಾಲಿಗೆ ಬಂತು. "ಬೆಳಿಗ್ಗೆ ಒಂದು ಹಿಡಿ ನವಣೆ, ಸಂಜೆ ಸೊಪ್ಪು. ಅಷ್ಟೇ ಅಜ್ಜಿ. ಸಣ್ಣಗಿದ್ರೇ ಅದಕ್ಕೆ ಬೆಲೆ" ಎಂದು ಹೇಳಿ ಅವರು ಬಸ್ಸು ಹತ್ತಿದ್ದರು.

ಭಾನುವಾರ ಪ್ರದರ್ಶನ. ಶನಿವಾರ ಸಂಜೆ ನಾನು ಊರಿಗೆ ಬಂದೆ, ಬೆಳಿಗ್ಗೆ ಹುಂಜದ ಬುಟ್ಟಿ ಹಿಡಿದು ಹುಣಸೂರಿನ ಬಸ್ಸು ಹತ್ತಿದೆ. ನರ್ಸಮ್ಮ ಎಚ್.ಡಿ. ಕೋಟೆ ಕಡೆಯಿಂದ ನೇರ ಅಲ್ಲಿಗೇ ಬಂದಿದ್ದರು. ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡವರು ಹಾಗೇ ನಿಂತುಬಿಟ್ಟರು.

"ಮೋಳೇ, ಇದರೊಳಗೆ ಎರಡು ಕೋಳಿ ಇದಾವಾ?"

ಒಂದೇ ಇತ್ತು. ತೀರ್ಪುಗಾರರು ಜುಟ್ಟು ನೋಡಿದರು, ಬಾಲ ನೋಡಿದರು, ನಿಲುವು ನೋಡಿ ತಲೆದೂಗಿದರು. ಆಮೇಲೆ ಹುಂಜವನ್ನು ತಕ್ಕಡಿಯಲ್ಲಿ ಇಟ್ಟರು. "ಎಲ್ಲಾ ಸರಿ ಇದೆ ಮೇಡಂ. ತೂಕ ಮೀರಿದೆ. ಈ ವಿಭಾಗಕ್ಕೆ ಬರಲ್ಲ." ಪಕ್ಕದಲ್ಲಿದ್ದ ಸಾಹುಕಾರರು ಮೃದುವಾಗಿಯೇ ಹೇಳಿದರು: "ಇನ್ನೊಂದು ತಿಂಗಳು ಬಿಟ್ಟು ತನ್ನಿ ಸಿಸ್ಟರ್. ಟರ್ಕಿ ವಿಭಾಗಕ್ಕೆ ಸೇರಿಸಬಹುದು."

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹುಂಜ ಬುಟ್ಟಿಯೊಳಗಿಂದ ಎರಡು ಸಲ ಕೂಗಿತು.

ಬೀದಿಯ ತುದಿಯಲ್ಲಿ ಹೆಂಗಸರೆಲ್ಲ ಕಾಯುತ್ತಿದ್ದರು. ಅಜ್ಜಿಯ ಕೈಯಲ್ಲಿ ಆರತಿ ತಟ್ಟೆ.

"ಬಂತಾ ಅಮ್ಮಾರೇ, ಪ್ರೈಜು?"

ನರ್ಸಮ್ಮ ಬುಟ್ಟಿ ಕೆಳಗಿಟ್ಟರು. "ಇದಕ್ಕೆ ಏನು ತಿನ್ನಿಸಿದ್ರಿ?"

"ಅಯ್ಯೋ, ನಾವೇನು ಕಮ್ಮಿ ಮಾಡ್ಲಿಲ್ಲ ಬುಡಿ" ಎಂದಳು ಅಜ್ಜಿ, ಹೆಮ್ಮೆಯಿಂದ. "ನೀವು ಓದ ಮಾರನೇ ದಿನಾನೇ ಎಲ್ರೂ ಮಾತಾಡ್ಕೊಂಡೊ. ಪಾಪ, ಊರ್ ಮಕ್ಳನ್ನೆಲ್ಲ ನೋಡ್ಕೋತಾರೆ, ಅವ್ರ ಉಂಜ ಮಾತ್ರ ಇಂಗೆ ಸೊರಗೋಗದೆ ಅಂತ. ಅಂಗನವಾಡಿ ಇಟ್ಟು, ಬೆಲ್ಲ, ಒಂದು ಚಮಚ ಎಣ್ಣೆ."

"ಒಂದೇ ಸಲಕ್ಕೆ ಇಟ್ಟಿಲ್ಲ ಕಣ್ರೀ" ಎಂದಳು ಹಿಂದಿನಿಂದ ಇನ್ನೊಬ್ಬಳು, ಪ್ರತಿ ಗುರುವಾರ ಬೈಸಿಕೊಳ್ಳುತ್ತಿದ್ದವಳು. "ಸ್ವಲ್ಪಸ್ವಲ್ಪವಾಗಿ, ದಿನಕ್ಕೈದು ಸಲ. ನೀವು ಯೋಳಿದಂಗೇಯ."

ನರ್ಸಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಬೈಗುಳ ಬಾಯಿಯವರೆಗೂ ಬಂದು ನಿಂತದ್ದು ನನಗೆ ಕಾಣುತ್ತಿತ್ತು.

"ಇಷ್ಟು ವರ್ಷ ಬಾಯಿ ಬಡ್ಕೊಂಡೆ. ಮಕ್ಕಳ ವಿಷಯದಲ್ಲಿ ಒಬ್ಬಳಾದರೂ ಕೇಳಿದ್ರಾ? ನನ್ನ ಹುಂಜಕ್ಕೆ ಮಾತ್ರ ಒಂದು ಚಮಚಾನೂ ತಪ್ಪಿಲ್ಲ!"

"ಕೇಳ್ದೆ ಏನು?" ಎಂದು ಅಜ್ಜಿ ನನ್ನ ರಟ್ಟೆ ಹಿಡಿದು ಮುಂದಕ್ಕೆಳೆದಳು. "ಇದು ಉಟ್ಟಾಗ ನಿಮ್ ತಕ್ಕಡಿ ಮುಳ್ಳು ಅಲ್ಲಾಡಿತ್ತಾ? ಕೇಳ್ದೆ ಇದ್ದಿದ್ರೆ ಇಷ್ಟುದ್ದ ಆಗಿ ಮೈಸೂರ್ನಾಗೆ ಓದ್ತಿದ್ಲಾ?"

ನಾನು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ನರ್ಸಮ್ಮ ದಿನಾ ಬಂದು, ಹತ್ತಿಯಲ್ಲಿ ಸುತ್ತಿ, ತೂಗಿ ಉಳಿಸಿದರಂತೆ. ಈ ಕಥೆ ನನಗೆ ಗೊತ್ತಿತ್ತು. ಬೀದಿಯ ನಡುವೆ ಪುರಾವೆಯಾಗಿ ನಿಲ್ಲಬೇಕಾಗಿ ಬಂದದ್ದು ಅದೇ ಮೊದಲು. ನರ್ಸಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ, ತೀರ್ಪುಗಾರರು ಹುಂಜವನ್ನು ನೋಡಿದ ಹಾಗೆ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಮಾಡಿ ಮತ್ತೆ ಆರತಿ" ಎಂದರು.

ಹುಂಜಕ್ಕೆ ಆರತಿಯಾಯಿತು. ಅದು ತಟ್ಟೆಯ ಅಕ್ಷತೆಯನ್ನು ಕುಕ್ಕಿ ತಿಂದಿತು.

ಅವರಿಗೆ ಕಪ್ ಕೊನೆಗೂ ಸಿಗಲಿಲ್ಲ. ಆ ಹುಂಜದ ತೂಕ ಮತ್ತೆ ಇಳಿಯಲೇ ಇಲ್ಲ. ಆದರೆ ಅಂದಿನಿಂದ ಅವರು ತಾಯಂದಿರನ್ನು ಬೈಯುವಾಗ ಹೊಸ ಮಾತೊಂದು ಸೇರಿತು: "ನಿನ್ನ ಮಗನ್ನ ನನ್ನ ಹುಂಜ ಅಂದ್ಕೊಂಡು ತಿನ್ನಿಸು!" ಕೂಸುಗಳ ತೂಕ ಅದರಿಂದಲೇ ಏರಿತೆಂದು ನಾನು ಹೇಳಲಾರೆ. ಅಜ್ಜಿ ಹೇಳುತ್ತಾಳೆ.

ನಿವೃತ್ತಿಯಾದ ಮೇಲೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಆಸ್ಪತ್ರೆಯವರು ಇನ್ನೇನೂ ಮಾಡಲಾಗದೆಂದು ಮನೆಗೆ ಕಳಿಸಿದರು. ಬೀದಿಯ ಹೆಂಗಸರು ಸರದಿಯಲ್ಲಿ ಬಟ್ಟಲು ಹಿಡಿದು ಬರುತ್ತಿದ್ದರು. ಹಿಟ್ಟು, ಬೆಲ್ಲ, ಒಂದು ಚಮಚ ಎಣ್ಣೆ. ನಾನು ಹೋದಾಗ ಅಜ್ಜಿ ಉಣ್ಣಿಸುತ್ತಿದ್ದಳು. ನರ್ಸಮ್ಮ ಎರಡನೇ ತುತ್ತಿಗೇ ಕೈ ಅಡ್ಡ ಹಿಡಿದರು. ಆ ಕೈಯ ಮೇಲೆ ಒಂದೂ ಚುಕ್ಕೆ ಇರಲಿಲ್ಲ.

"ಸಾಕು ಅಜ್ಜಿ. ತೂಕ ಮೀರಿದ್ರೆ ನನ್ನನ್ನೂ ಹೊರಗೆ ಹಾಕ್ತಾರೆ."

ಅವರ ಶವಪೆಟ್ಟಿಗೆಯನ್ನು ಹೊತ್ತವರೆಲ್ಲ ಅವರು ಜೋಳಿಗೆಯಲ್ಲಿ ತೂಗಿದ ಹುಡುಗರೇ. ಎತ್ತಿದೊಡನೆ ಅವರಲ್ಲೊಬ್ಬ ಪಕ್ಕದವನಿಗೆ, "ಏನ್ಲಾ, ಇಷ್ಟು ಅಗುರ ಅವ್ರೆ" ಎಂದ. ಅಜ್ಜಿಗೆ ಅದು ಕೇಳಿಸಿತು. ನನ್ನ ಕೈ ಹಿಡಿದುಕೊಂಡು, ಲೆಕ್ಕ ತಪ್ಪಿದವಳ ಹಾಗೆ ಮೆಲ್ಲಗೆ ಹೇಳಿದಳು:

"ದಿನಕ್ಕೈದು ಸಲಾನೇ ಕೊಟ್ಟೊ ಕಣವ್ವಾ."