ಹದಿನೇಳನೇ ನಂಬರಿನ ತೇಗು

ಬೆಳಗಿನ ಐದು ಗಂಟೆ. ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ಹಸುಗಳು ಮೆಲುಕು ಹಾಕುತ್ತಿವೆ. ಎಲ್ಲರ ಬಾಯಲ್ಲೂ ‘ತೇಗಕ್ಕ’ ಆಗಿಹೋಗಿರುವ ಐವತ್ತರ ಹೆಂಗಸು ಒಂದೊಂದರ ಕೊರಳಿಗೂ ಒಳಗಿನ ಗಾಳಿಯನ್ನೂ ಹೀರಿ ತೆಗೆದ ಖಾಲಿ ಡಬ್ಬಿ ಕಟ್ಟಿ, ಅದರ ಸಣ್ಣ ಕೊಳವೆಯನ್ನು ಮೂಗಿನ ಹೊಳ್ಳೆಯ ಪಕ್ಕಕ್ಕೆ ತಂದು, ಮುಖಪಟ್ಟಿ ಬಿಗಿಯುತ್ತಾರೆ. ಭೂಮಂಡಲದಲ್ಲಿ ಹಸುವಿನ ತೇಗು ಹಿಡಿಯುವವರನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿ, ಇವರ ಕೈಚಳಕದ ಮುಂದೆ ನಿವಾಳಿಸಿ ಎಸೆಯಬೇಕು! ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಮುಗಿದಿರುತ್ತವೆ. ಐದನೆಯದು ತಾನಾಗಿಯೇ ತಲೆ ಬಗ್ಗಿಸಿರುತ್ತದೆ.

ಹಸು ತೇಗಿದರೆ ಮೀಥೇನ್ ಬರುತ್ತದೆ, ಮೀಥೇನ್ ಭೂಮಿಯನ್ನು ಕಾಯಿಸುತ್ತದೆ. ಕಡಿಮೆ ತೇಗುವವನ್ನು ಆರಿಸಿ ತಳಿ ಬೆಳೆಸುವುದು ಈ ಸಂಶೋಧನಾ ಕೇಂದ್ರದ ಕೆಲಸ. ಹೆಚ್ಚು ತೇಗುವವು ಕಸಾಯಿಖಾನೆಗೆ.

“ಗಾಳಿ ಹಿಡಿಯೋಕೂ ಸಂಬಳ ಕೊಡ್ತಾರೇನೇ?” ಎಂದು ಗಂಡ ಇವತ್ತಿಗೂ ಹಂಗಿಸುತ್ತಾರೆ.

“ನೀವು ಬಿಡೋದೂ ಬರೀ ಗಾಳೀನೇ. ಅದಕ್ಕೆ ಯಾರೂ ಕೊಡಲ್ವಲ್ಲ!”

ಈ ಕೆಲಸದ ಹನ್ನೊಂದು ವರ್ಷದಲ್ಲಿ ಹಸುಗಳಿಂದ ತಿಂದ ಒದೆಗಳನ್ನು ಬರೆಯಲು ಈ ಪತ್ರಿಕೆಯ ಹಾಳೆ ಸಾಲದು. ಬಲಗೈಯ ಎರಡು ಬೆರಳು ಸೊಟ್ಟಗಾಗಿವೆ. ಆದರೆ ಹದಿನೇಳನೇ ನಂಬರು ಒಮ್ಮೆಯೂ ಒದ್ದದ್ದಿಲ್ಲ. ತಾಯಿ ಸತ್ತ ಕರುವಾಗಿದ್ದ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು ಇವರೇ. ಹೋದ ತಿಂಗಳು ಅದರ ದವಡೆಯ ಮೇಲೆ ಹುಣ್ಣಾಗಿತ್ತು. ನೋಯದಿರಲಿ ಎಂದು ಪಟ್ಟಿಯನ್ನು ಎರಡು ತೂತು ಸಡಿಲ ಬಿಟ್ಟರು. ಕೊಳವೆ ಕೆನ್ನೆಗೆ ಜಾರಿತು. ಡಬ್ಬಿ ಉಸಿರಿನ ಬದಲು ಕೊಟ್ಟಿಗೆಯ ಗಾಳಿ ತುಂಬಿಕೊಂಡಿತು. ಫಲಿತಾಂಶ ಬಂದಾಗ ನೋಡಿದರೆ ಹದಿನೇಳರದೇ ಎಲ್ಲಕ್ಕಿಂತ ಕಡಿಮೆ! ಇನ್ನು ಅದರ ಸಂತತಿಯನ್ನೇ ನೂರಾರು ಕೊಟ್ಟಿಗೆಗಳಿಗೆ ಹಂಚುವುದೆಂದು ತೀರ್ಮಾನವಾಯಿತು.

ತೇಗಕ್ಕನಿಗೆ ಮೂರು ದಿನ ಊಟ ಇಳಿಯಲಿಲ್ಲ. ನಾಲ್ಕನೆಯ ದಿನ ಕೇಂದ್ರದ ದನದ ಡಾಕ್ಟರ ಬಾಗಿಲಲ್ಲಿ ನಿಂತರು.

“ಪಟ್ಟಿ ಸಡಿಲ ಇತ್ತು ಡಾಕ್ಟ್ರೇ. ಆ ನಂಬರ್ ಸುಳ್ಳು.”

“ಸುಮ್ನೆ ಇದ್ದಿದ್ರೆ ಅದು ಉಳೀತಿತ್ತಲ್ಲಮ್ಮ?”

“ಉಳೀತಿತ್ತು. ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಊರೂರಲ್ಲಿ ತೇಗ್ತಾ ಕೂತಿರ್ತಿದ್ವು. ನಾನು ಹನ್ನೊಂದು ವರ್ಷ ಹಿಡಿದಿದ್ದೆಲ್ಲ ಮಣ್ಣುಪಾಲು.”

ಐದು ದಿನ ಮತ್ತೆ ಅಳೆದರು. ಪಟ್ಟಿ ಬಿಗಿದದ್ದು ತೇಗಕ್ಕನೇ. ಈ ಸಲ ಹದಿನೇಳರದು ಎಲ್ಲಕ್ಕಿಂತ ಹೆಚ್ಚು. ಲಾರಿ ಬಂದ ಬೆಳಿಗ್ಗೆ ಅದು ಹಲಗೆ ಹತ್ತಲೊಲ್ಲದೆ ನಿಂತುಬಿಟ್ಟಿತು. ತೇಗಕ್ಕ ಮುಂದೆ ಹತ್ತಿದರು. ಅದು ಹಿಂದೆಯೇ ಹತ್ತಿತು.

ಈಗ ಆ ಜಾಗದಲ್ಲಿ ಹೊಸ ಹಸುವನ್ನು ಕಟ್ಟಿದ್ದಾರೆ. ಕಿವಿಗೆ ಇನ್ನೂ ನಂಬರಿನ ಬಿಲ್ಲೆ ಬಿದ್ದಿಲ್ಲ. ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ, ತೇಗಕ್ಕ ಅದರ ಪಟ್ಟಿಯ ಕೊಕ್ಕೆಯನ್ನು ಸರಿಯಾದ ತೂತಿಗೆ ಸಿಕ್ಕಿಸುತ್ತಲೇ ಹೇಳುತ್ತಾರೆ:

“ಏನೂ ಬೇಡಪ್ಪ. ಇದಕ್ಕೆ ಹದಿನೇಳು ಅಂತ ಬಿಲ್ಲೆ ಹಾಕ್ದೆ ಇದ್ರೆ ಸಾಕು. ಬೇರೆ ಯಾವ ನಂಬರಾದ್ರೂ ಕೊಡ್ಲಿ, ಬಿಗಿಯಾಗೇ ಕಟ್ತೀನಿ.”